ವೇಂಬನಾಡ್ ಸರೋವರದಲ್ಲಿ ದಂಪತಿಗಳ ದೋಣಿ ವಿಹಾರ

ಕೇರಳದ ವೇಂಬನಾಡ್ ಭಾರತದ ಅತಿ ಉದ್ದದ ಸರೋವರವಾಗಿದ್ದು, 2002ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿರುತ್ತದೆ. ಹಿಂದೆ ಭತ್ತ ಸಾಗಿಸುತ್ತಿದ್ದ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ನಿರ್ಮಿಸುವ ‘ಕೆಟ್ಟುವಳ್ಳಂ’ ದೋಣಿಗಳೇ ಇಂದಿನ ಹೌಸ್‌ಬೋಟ್‌ಗಳಿಗೆ ಮೂಲವಾಗಿವೆ.

ಆಲಪ್ಪುಳದಿಂದ ಹೊರಡುವ ದಂಪತಿಗಳು ಒಂದು ಕೊಠಡಿಯ ಹೌಸ್‌ಬೋಟನ್ನು ಬಾಡಿಗೆಗೆ ಪಡೆದು, ಮುಹಮ್ಮ, ಪಾತಿರಾಮಣಲ್ ದ್ವೀಪ ಹಾಗೂ ಪಕ್ಷಿಧಾಮವಿರುವ ಕುಮರಕಂ ಊರನ್ನು ಸಾವಕಾಶವಾಗಿ ವೀಕ್ಷಿಸಬಹುದಾಗಿದೆ. ಉತ್ತರದಲ್ಲಿ, ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ತಡೆಯುವ ತಣ್ಣೀರ್‌ಮುಕ್ಕಂ ಒಡ್ಡಿನ ಆಚೆಗೆ, 1924-25ರ ಸತ್ಯಾಗ್ರಹದಿಂದ ಪ್ರಸಿದ್ಧವಾದ ವೈಕಂ ಪಟ್ಟಣವಿದೆ. ಸಂಜೆ ಮೀನುಗಾರರು ಬಲೆ ಬೀಸುವುದರಿಂದ ಹೌಸ್‌ಬೋಟ್‌ಗಳನ್ನು ಕತ್ತಲಾಗುವ ಮುನ್ನವೇ ದಡಕ್ಕೆ ಕಟ್ಟಲಾಗುತ್ತದೆ. ಆದ್ದರಿಂದ ರಾತ್ರಿ ಸಂಚಾರಕ್ಕೆ ಒತ್ತಾಯಿಸಬಾರದು.

ಸರೋವರವು ಶಾಂತವಾಗಿ ಕಂಡರೂ ಎಚ್ಚರಿಕೆ ಅವಶ್ಯಕ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಸಾಗುತ್ತಿದ್ದ, ಮಿತಿಮೀರಿ ಜನರಿದ್ದ ದೋಣಿಯು ಮುಳುಗಿ 29 ಮಂದಿ ಮೃತಪಟ್ಟರು. ಇದನ್ನು ಗಮನದಲ್ಲಿರಿಸಿಕೊಂಡು, ದೋಣಿ ಏರುವ ಮುನ್ನ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1. ದೋಣಿಯ ನೋಂದಣಿ ಹಾಗೂ ಪರವಾನಗಿ ಚಾಲ್ತಿಯಲ್ಲಿರುವುದು.

2. ಅನುಮತಿಸಿದ ಸಂಖ್ಯೆಗಿಂತ ಹೆಚ್ಚು ಜನರಿಲ್ಲದಿರುವುದು.

3. ಪ್ರತಿಯೊಬ್ಬರಿಗೂ ಸುಸ್ಥಿತಿಯಲ್ಲಿರುವ ಲೈಫ್ ಜಾಕೆಟ್ ಇರುವುದು.

ಈ ಪೈಕಿ ಒಂದು ಇಲ್ಲದಿದ್ದರೂ ದೋಣಿ ಏರದಿರುವುದೇ ಕ್ಷೇಮ. ಮುಂಗಡ ಹಣಕ್ಕಿಂತ ಜೀವ ದೊಡ್ಡದು.