ಬೀಸುಕಲ್ಲಿನ ಲೆಕ್ಕ

ಲಾವಣಿಯೆಂದರೆ ಜಾತ್ರೆಯಲ್ಲಿ ಹೊತ್ತು ಕಳೆಯುವ ಹಾಡೆಂದು ಬಗೆಯುವ ಸುಶಿಕ್ಷಿತರು ನಮ್ಮಲ್ಲಿ ಇನ್ನೂ ಕಡಿಮೆಯಾಗಿಲ್ಲ. ಅಂಥವರು ಹಲಗಲಿಯ ಬೇಡರ ಲಾವಣಿಯನ್ನು ಒಮ್ಮೆ ಸಾವಧಾನವಾಗಿ ಕೇಳಬೇಕೆಂದು ನಮ್ಮ ಬಿನ್ನಹ.

ಸಂಗತಿಯು ವಾಚಕರಿಗೆ ತಿಳಿದದ್ದೇ. 1857ರಲ್ಲಿ ಪ್ರಜೆಗಳ ಕೈಯೊಳಗಿನ ಆಯುಧಗಳನ್ನು ಕಸಿದುಕೊಳ್ಳಬೇಕೆಂದು ಕಂಪನಿ ಸರಕಾರದ ಹುಕುಮು ಹೊರಟಿತು. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಯ ಪಾಡೂ ಹೌದು, ಮಾನವೂ ಹೌದು, ಅವರು ಕೊಡಲೊಲ್ಲೆವೆಂದರು. ದಂಡು ಬಂದಿತು, ಊರು ಉರಿಯಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಸರಕಾರಕ್ಕೆ ಅದೊಂದು ದಂಗೆ, ಅಡಗಿತು, ಮುಗಿಯಿತು.

ಹಾಡು ಕಟ್ಟಿದವನಿಗೆ ಮುಗಿಯಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂದು ಆತನು ಹೆಸರು ಹಿಡಿದು ಹೇಳುತ್ತಾನೆ. ಅಷ್ಟಕ್ಕೆ ನಿಲ್ಲದೆ, ದಂಡಿನವರು ಮನೆಗಳನ್ನು ಹೊಕ್ಕು ದೋಚಿದ್ದರ ಯಾದಿಯನ್ನೇ ಕೊಡುತ್ತಾನೆ: ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು! ಆಯುಧ ಹುಡುಕಲು ಬಂದವರಿಗೆ ಬೀಸುಕಲ್ಲು ಯಾತಕ್ಕೆ ಬೇಕಾಯಿತೋ! ಯಾವ ದಫ್ತರದ ಕಾರಕೂನನು ಇದನ್ನು ಬರೆದಿಟ್ಟಾನು? ಇಂಥ ಲೆಕ್ಕವು ಸುಟ್ಟ ಮನೆಯ ಹೆಂಗಸರ ಬಾಯಿಂದಲೇ ಹೊರಡತಕ್ಕದ್ದು. ಕವಿಯ ಹೆಸರು ಉಳಿದಿಲ್ಲ; ಕುರ್ತಕೋಟಿಯ ಕಲ್ಮೇಶನ ಅಂಕಿತವಷ್ಟೇ ಉಳಿದಿದೆ. ವಿಚಿತ್ರವೆಂದರೆ, 1880ರ ದಶಕದಲ್ಲಿ ಈ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷರದೇ ಅಧಿಕಾರಿಯಾದ ಫ್ಲೀಟ್ ಸಾಹೇಬನು.

ಲಾವಣಿಕಾರನು ಉಪ್ಪುಖಾರ ಹಚ್ಚುವುದಿಲ್ಲವೆಂದು ನಾವು ಹೇಳುವುದಿಲ್ಲ. ಸತ್ತವರ ಎಣಿಕೆಗೆ ಹಾಡೊಂದನ್ನೇ ನಂಬಲಾಗದು. ಆದರೆ ಏನು ಕಳೆಯಿತೆಂಬುದಕ್ಕೆ ಕಳೆದುಕೊಂಡವರಿಗಿಂತ ಬೇರೆ ಸಾಕ್ಷಿ ಯಾರು?

ಹಲಗಲಿಯು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅದೇ ಜಿಲ್ಲೆಯಲ್ಲಿ, ನಮ್ಮ ಕಣ್ಣೆದುರಿನಲ್ಲಿಯೇ, ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನೂ ನದೀತೀರದ ಹಲವು ಹಳ್ಳಿಗಳನ್ನೂ ನುಂಗಿತು. ಇಲ್ಲಿ ದಂಡು ಬರಲಿಲ್ಲ. ನಾಡಿನ ಹೊಲಗಳಿಗೆ ನೀರು ಬೇಕಾಗಿತ್ತು, ಸರಕಾರವೂ ನಮ್ಮದೇ. ಪರಿಹಾರದ ಕಾಗದಗಳಲ್ಲಿ ಎಕರೆ ಗುಂಟೆಗಳಿವೆ, ರೂಪಾಯಿಗಳಿವೆ. ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು, ಯಾವ ಕಟ್ಟೆಯ ಮೇಲೆ ನ್ಯಾಯ ಕೂಡುತ್ತಿತ್ತು, ಯಾರ ಬೀಸುಕಲ್ಲು ಒಯ್ಯಲಾರದೆ ಅಲ್ಲಿಯೇ ಉಳಿಯಿತು, ಇವನ್ನು ಹೇಳಬಲ್ಲವರು ಪುನರ್ವಸತಿ ಕೇಂದ್ರಗಳಲ್ಲಿರುವ ಮುದುಕಿಯರು. ಅವರೂ ಒಬ್ಬೊಬ್ಬರಾಗಿ ಹೋಗುತ್ತಲಿದ್ದಾರೆ. ಹಲಗಲಿಯ ಲಾವಣಿಯನ್ನು ಪಠ್ಯಪುಸ್ತಕದಲ್ಲಿ ಓದಿದ ಹುಡುಗರು ಬೇಸಗೆಯ ರಜೆಯಲ್ಲಿ ಒಂದೊಂದು ವಹಿ ಹಿಡಿದುಕೊಂಡು ಅವರೆದುರು ಕುಳಿತುಕೊಳ್ಳಲಿ. ಇದಕ್ಕಾಗಿ ಮಾಸ್ತರರು ಪರೀಕ್ಷೆಯಲ್ಲಿ ಹತ್ತು ಗುಣಗಳ ಆಸೆ ತೋರಿಸಿದರೂ ನಮ್ಮ ಆಕ್ಷೇಪವಿಲ್ಲ.