ಗುತ್ತಿಗೆಯ ನೆಲದಲ್ಲಿ ಬೇರುಬಿಟ್ಟ ಊರು

ಹುಬ್ಬಳ್ಳಿಯಿಂದ ತಡಸದ ಮೇಲೆ ಹಾಯ್ದು ಮುಂಡಗೋಡದತ್ತ ಹೊರಟರೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ಹೇಳಲಾಗದು. ಎರೆಭೂಮಿ ನಿಧಾನವಾಗಿ ಕೆಂಪಾಗುತ್ತದೆ. ಗೋವಿನಜೋಳದ ಹೊಲಗಳ ನಡುವೆ ಸಾಗವಾನಿ ಮರಗಳು ಕಾಣಿಸಿಕೊಳ್ಳುತ್ತವೆ, ಕೆರೆಗಳು ಹೆಚ್ಚುತ್ತವೆ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರು ಕೆಂಪು ನಿಲುವಂಗಿಯ ಸನ್ಯಾಸಿಯಾಗಿದ್ದರೆ, ಅವರು ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದು ಕನ್ನಡದಲ್ಲಿಯೇ, ಅದೂ ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ. ಊರು ದಾಟಿ ಸ್ವಲ್ಪ ಮುಂದೆ ಹೋದರೆ ಮರದಿಂದ ಮರಕ್ಕೆ ಕಟ್ಟಿದ ಐದು ಬಣ್ಣದ ಮಂತ್ರಪತಾಕೆಗಳು ಗಾಳಿಗೆ ಹೊಡೆದುಕೊಳ್ಳುತ್ತಿರುತ್ತವೆ. ಸುತ್ತಲಿನ ಹಳ್ಳಿಯವರಿಗೆ ಇದು ‘ಟಿಬೆಟ್ ಕಾಲೊನಿ’. ಟಿಬೆಟನ್ನರ ಬಾಯಲ್ಲಿ ಡೋಗುಲಿಂಗ್.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ಅಸ್ಸಾಂ, ಬಂಗಾಳಗಳ ತಾತ್ಕಾಲಿಕ ಶಿಬಿರಗಳಲ್ಲಿ ಉಳಿದವರು ಕೆಲವರು, ಬೆಟ್ಟದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆಯಲು ಹೋದವರು ಹಲವರು. ಇವರನ್ನು ಒಟ್ಟಾಗಿ ನೆಲೆಗೊಳಿಸಲು ಜಾಗ ಬೇಕೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ 3,000 ಜನಕ್ಕೆ 3,000 ಎಕರೆ, ಅಂದರೆ ತಲೆಗೊಂದು ಎಕರೆ ಎಂಬ ಲೆಕ್ಕದಲ್ಲಿ ಮೊದಲ ನೆಲೆ ಎದ್ದಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಸರದಿ ಬಂತು. ಕಾಡಿನ ಸುಮಾರು 4,000 ಎಕರೆಯನ್ನು ಟಿಬೆಟನ್ನರಿಗಾಗಿ ಬಿಟ್ಟುಕೊಡಲಾಯಿತು. ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಗೂ ನೆಲೆಗಳು ಹುಟ್ಟಿದವು.

ಬಂದವರಿಗೆ ಕಾದಿದ್ದು ಡೇರೆ, ಬಿಸಿಲು, ಮಲೇರಿಯಾ ಮತ್ತು ಕಡಿಯಬೇಕಾದ ಕಾಡು. ಚಳಿನಾಡಿನಲ್ಲಿ ಬಾರ್ಲಿ ಬಿತ್ತಿ, ಯಾಕ್ ಮೇಯಿಸಿದವರು ಇಲ್ಲಿ ಗೋವಿನಜೋಳ, ಭತ್ತ ಬೆಳೆಯುವುದನ್ನು ಕಲಿಯಬೇಕಾಯಿತು. ಕಲಿಸಿದವರು ಯಾರು? ಅಧಿಕಾರಿಗಳು ಇದ್ದರು, ಹೊರದೇಶದ ಸ್ವಯಂಸೇವಕರೂ ಇದ್ದರು. ಆದರೆ ಯಾವ ತಿಂಗಳಲ್ಲಿ ಬಿತ್ತಬೇಕು, ಮಳೆ ಯಾವಾಗ ಕೈಕೊಡುತ್ತದೆ ಎಂಬುದು ಕೂಲಿಗೆ ಬಂದ ಪಕ್ಕದ ಊರಿನ ರೈತರಿಗೆ ಗೊತ್ತಿದ್ದ ವಿಷಯ. ಆ ಕೊಡುಕೊಳ್ಳುವಿಕೆ ಯಾವ ಕಡತದಲ್ಲೂ ಸಿಗುವುದಿಲ್ಲ. ಈ ಕಾಲೊನಿಯ ಅಡಿಪಾಯದಲ್ಲಿ ಅದಕ್ಕೂ ಪಾಲಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸನ್ಯಾಸಿಗಳ ಕಥೆ ಇನ್ನೂ ಕಠಿಣ. ಟಿಬೆಟ್‌ನಿಂದ ತಪ್ಪಿಸಿಕೊಂಡು ಬಂದ ಸುಮಾರು 1,500 ಭಿಕ್ಷುಗಳು ಬಂಗಾಳದ ಬಕ್ಸಾ ಕೋಟೆಯಲ್ಲಿ ಹತ್ತು ವರ್ಷ ಕಳೆದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜೈಲು ಅದು. ಕ್ಷಯರೋಗ ಅಲ್ಲಿ ಎಷ್ಟೋ ಜನರನ್ನು ಬಲಿ ತೆಗೆದುಕೊಂಡಿತು. ಉಳಿದವರು 1969ರ ಹೊತ್ತಿಗೆ ಕರ್ನಾಟಕಕ್ಕೆ ಬಂದರು. ಗಾಂದೆನ್ ಮತ್ತು ಡ್ರೆಪುಂಗ್ ಮಠಗಳವರಿಗೆ ಮುಂಡಗೋಡ, ಸೇರಾ ಮಠದವರಿಗೆ ಬೈಲಕುಪ್ಪೆ. ಗಾಂದೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಲಾಸಾದ ಆಸುಪಾಸಿನಲ್ಲಿ ಸ್ಥಾಪನೆಯಾದ ವಿದ್ಯಾಪೀಠಗಳು. ಅಲ್ಲಿನ ಪಾಠಪರಂಪರೆ ಬದುಕುಳಿದವರ ನೆನಪಿನಲ್ಲಿ, ಹೊತ್ತು ತಂದ ಕೆಲವು ಗ್ರಂಥಗಳಲ್ಲಿ ಉತ್ತರ ಕನ್ನಡದ ಈ ಅರೆಮಲೆನಾಡಿಗೆ ಬಂದು ಇಳಿಯಿತು. ಬೆಳಿಗ್ಗೆ ಹೊಲದಲ್ಲಿ ದುಡಿದು ಸಂಜೆ ಶಾಸ್ತ್ರ ಓದಿದ ಆ ತಲೆಮಾರಿನಿಂದಲೇ ಇಂದಿನ ಸಾವಿರಾರು ಭಿಕ್ಷುಗಳ ಮಠಗಳು ಬೆಳೆದವು.

ಸಂಜೆ ಹೊತ್ತು ಈ ಮಠಗಳಿರುವ ಲಾಮಾ ಕ್ಯಾಂಪಿಗೆ ಹೋದವರು ವಾದದ ಅಂಗಳ ನೋಡದೆ ಬರಬಾರದು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ. ಪ್ರಶ್ನೆ ಮುಗಿದ ಕ್ಷಣಕ್ಕೆ ಕಾಲು ಅಪ್ಪಳಿಸಿ ಅಂಗೈಗೆ ಅಂಗೈ ತಟ್ಟುತ್ತಾನೆ. ನೂರಾರು ಜೋಡಿಗಳು ಒಟ್ಟಿಗೆ ವಾದಕ್ಕಿಳಿದಾಗ ಆ ಚಪ್ಪಾಳೆಯ ಸದ್ದು ಜೋರು ಮಳೆಯಂತೆ ಕೇಳಿಸುತ್ತದೆ. ಮಠದ ಉನ್ನತ ಪದವಿಯಾದ ‘ಗೆಶೆ’ಗೆ ಇಪ್ಪತ್ತು ವರ್ಷದಷ್ಟು ಓದು ಬೇಕು. ಮಂಗೋಲಿಯಾದಿಂದ, ರಷ್ಯಾದ ಕಾಲ್ಮಿಕಿಯಾದಿಂದಲೂ ಇಲ್ಲಿಗೆ ಓದಲು ಬರುತ್ತಾರೆ. 2013ರ ಜನವರಿಯಲ್ಲಿ ದಲೈ ಲಾಮಾ ಮತ್ತು ಜಗತ್ತಿನ ನರವಿಜ್ಞಾನಿಗಳು, ಭೌತವಿಜ್ಞಾನಿಗಳು ಡ್ರೆಪುಂಗ್‌ನಲ್ಲಿ ಮನಸ್ಸು ಮತ್ತು ಮೆದುಳಿನ ಬಗ್ಗೆ ದಿನಗಟ್ಟಲೆ ಚರ್ಚಿಸಿದರು. ತಾಲ್ಲೂಕು ಕೇಂದ್ರವೊಂದರ ಅಂಚಿನಲ್ಲಿ ಇಂಥ ಸಭೆ ನಡೆದದ್ದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಈಗ ದುಡ್ಡಿನ ಮಾತು. ನಿರಾಶ್ರಿತರಿಗೆ ಸರ್ಕಾರ ಕೋಟಿಗಟ್ಟಲೆ ಸುರಿಯುತ್ತದೆ ಎಂಬ ಮಾತು ಮುಂಡಗೋಡದ ಚಹಾದಂಗಡಿಯಲ್ಲೂ ಕೇಳಿಬರುತ್ತದೆ, ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುತ್ತದೆ. ಲೆಕ್ಕ ನೋಡೋಣ. ಕೇಂದ್ರ ಗೃಹ ಸಚಿವಾಲಯ 2015–16ರಿಂದ ಐದು ವರ್ಷಕ್ಕೆ 40 ಕೋಟಿ ರೂಪಾಯಿ ಸಹಾಯಾನುದಾನವನ್ನು ಸೆಂಟ್ರಲ್ ಟಿಬೆಟನ್ ರಿಲೀಫ್ ಕಮಿಟಿಗೆ ಮಂಜೂರು ಮಾಡಿತು. ವರ್ಷಕ್ಕೆ 8 ಕೋಟಿ. ದೇಶದುದ್ದಕ್ಕೂ ಇರುವ 36 ಟಿಬೆಟನ್ ಸೆಟ್ಲ್‌ಮೆಂಟ್ ಕಚೇರಿಗಳ ಆಡಳಿತ ವೆಚ್ಚಕ್ಕೆ ಈ ಹಣ. ಸಮನಾಗಿ ಹಂಚಿದರೆ ಒಂದು ಕಚೇರಿಗೆ ವರ್ಷಕ್ಕೆ 22 ಲಕ್ಷದ ಸುಮಾರು. ಗುಮಾಸ್ತರ ಸಂಬಳ, ಕಾಗದ, ಕರೆಂಟು, ಅಲ್ಲಿಗೆ ಮುಗಿಯಿತು. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವಲಸಿಗರು ಮತ್ತು ಮರಳಿ ಬಂದವರ ಪುನರ್ವಸತಿಯ ಏಳು ಉಪಯೋಜನೆಗಳನ್ನು 2025–26ರವರೆಗೆ ಮುಂದುವರಿಸಿತು. ಒಟ್ಟು ಮೊತ್ತ 1,452 ಕೋಟಿ. ಅದರಲ್ಲಿ ಟಿಬೆಟನ್ನರ ಪಾಲು ಮೊದಲಿನ ಹಾಗೆಯೇ ವರ್ಷಕ್ಕೆ 8 ಕೋಟಿ.

ಹಾಗಾದರೆ ಇಷ್ಟೆಲ್ಲ ಕಟ್ಟಿದ್ದು ಯಾವ ಹಣ? ಬಹುಪಾಲು ಅವರದೇ ದುಡಿಮೆ. ಚಳಿಗಾಲ ಬಂತೆಂದರೆ ಲುಧಿಯಾನದ ಸಗಟು ವ್ಯಾಪಾರಿಗಳಿಂದ ಉದ್ರಿ ಮೇಲೆ ಸ್ವೆಟರ್ ತಂದು ಊರೂರಿನ ಫುಟ್‌ಪಾತಿನಲ್ಲಿ ಮಾರುವ ಕುಟುಂಬಗಳು. ಹೊರದೇಶಕ್ಕೆ ಹೋದ ಮಕ್ಕಳು ಕಳಿಸುವ ಹಣ. ಮಠಗಳಿಗೆ ಭಕ್ತರು ಕೊಡುವ ದೇಣಿಗೆ. ಅಮೆರಿಕದ ಸರ್ಕಾರ ನಿರಾಶ್ರಿತರ ಆರೋಗ್ಯ, ಶಿಕ್ಷಣಕ್ಕೆ ಕೊಡುತ್ತಿದ್ದ ಅನುದಾನವೂ ಒಂದು ಆಸರೆಯಾಗಿತ್ತು. 2025ರ ಜನವರಿಯಲ್ಲಿ ಆ ದೇಶ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ದೇಶಭ್ರಷ್ಟ ಟಿಬೆಟನ್ನರ ಸಂಸ್ಥೆಗಳೆಲ್ಲ ಕಂಗಾಲಾದವು. ಪರರ ಖಜಾನೆಯನ್ನು ನಂಬಿದ ಆಸ್ಪತ್ರೆಯ ಔಷಧಿ ಎಂದಾದರೂ ನಿಲ್ಲಬಹುದು ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಸರ್ಕಾರ ಕೊಟ್ಟ ನಿಜವಾದ ಅನುದಾನ ನೆಲ. ಅದನ್ನು ಕೊಟ್ಟ ರೀತಿಯನ್ನು ಗಮನಿಸಬೇಕು. ಕುಟುಂಬಕ್ಕೊಂದು ತುಂಡು ಎಂದು ಜಿಲ್ಲೆಯ ತುಂಬ ಚೆಲ್ಲಲಿಲ್ಲ. ಒಂದೇ ಕಡೆ, ಒಂಬತ್ತು ಕ್ಯಾಂಪು, ಎರಡು ಲಾಮಾ ಕ್ಯಾಂಪು, ನಡುವೆ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ವೃದ್ಧಾಶ್ರಮ. ಟಿಬೆಟನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ 1961ರಲ್ಲಿ ಒಂದು ಸ್ವಾಯತ್ತ ಸಂಸ್ಥೆ ಮಾಡಿತ್ತು. ಭಾಷೆ, ಧರ್ಮ, ನೆರೆಹೊರೆ ಯಾವುದೂ ಚದುರಲಿಲ್ಲ.

ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಟಿಬೆಟನ್ನರ ಪುನರ್ವಸತಿಗೆ ಸರ್ಕಾರದ ಜೊತೆ ಕೈಜೋಡಿಸಲು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರಿನ ಬಿಡಿಸಿದ ರೂಪವೇ ‘ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ’. ಸುಮಾರು 15,000 ಟಿಬೆಟನ್ನರನ್ನು ನೆಲೆಗೊಳಿಸುವ ಕೆಲಸ ಮುಗಿದ ಮೇಲೆ ಅದು ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಪ್ರಯೋಗದ ಬೆನ್ನಿಗೇ 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡುವ ಯೋಜನೆ ದೇಶಕ್ಕೆಲ್ಲ ಬಂತು. ಇಂದು ನಿಮ್ಮ ಊರಿನ ಹೆಣ್ಣುಮಕ್ಕಳು ವಾರದ ಸಂಘಕ್ಕೆ ಕಟ್ಟುವ ದುಡ್ಡಿನ ಹಿಂದೆ ನಿರಾಶ್ರಿತರ ಪುನರ್ವಸತಿಯಿಂದ ಹೊರಟ ಒಂದು ಎಳೆ ಇದೆ.

ಮುಂಡಗೋಡದಿಂದ ಪಶ್ಚಿಮಕ್ಕೆ ಹೊರಳಿ ಹಳಿಯಾಳ, ದಾಂಡೇಲಿ ದಾಟಿ ಜೊಯಿಡಾಕ್ಕೆ ಹೋದರೆ ಅದೇ ಜಿಲ್ಲೆ, ಬೇರೆಯದೇ ಕಥೆ. ಜೊಯಿಡಾ ತಾಲ್ಲೂಕಿನ ಹಳೆಯ ಹೆಸರು ಸೂಪಾ. ಆ ಹೆಸರಿನ ಊರು ಈಗ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ. ಸುಮಾರು 145 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು. ಮುಳುಗಿದ ಮನೆಗಳವರಿಗೆ ರಾಮನಗರದಲ್ಲಿ ನೆಲೆ ಸಿಕ್ಕಿತು. ಅಪಾರ ನೀರಿಗೆ ಊರು ಬಿಟ್ಟುಕೊಟ್ಟ ಆ ಜನ ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಹೊರಗಿನಿಂದ ಬಂದವರಿಗೆ ಕೊಟ್ಟಿರಿ, ನಮಗೇಕಿಲ್ಲ ಎಂಬ ಅಸಮಾಧಾನ ಈ ಭಾಗದಲ್ಲಿ ಏಳುವುದಿದ್ದರೆ ಅದರ ಮೂಲ ಇಲ್ಲಿದೆ. ಅದರ ಸಿಟ್ಟು ಟಿಬೆಟನ್ನರ ಮೇಲೆ ತಿರುಗುವುದು ಅನ್ಯಾಯ. ಅವರು ಯಾರ ಪಾಲನ್ನೂ ಕಸಿದುಕೊಂಡಿಲ್ಲ. ತಪ್ಪಿದ್ದು ನಮ್ಮವರನ್ನು ಒಕ್ಕಲೆಬ್ಬಿಸುವಾಗ ಬಳಸಿದ ಅಳತೆಗೋಲು.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಊರುಗಳಲ್ಲಿ ಆ ಅಳತೆಗೋಲು ಮತ್ತೆ ಕಾಣಿಸುತ್ತಿದೆ. ಕಾಡು ಬಿಟ್ಟು ಬರುವ ಕುಟುಂಬಕ್ಕೆ ಮೊದಲು 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ. ಹಣ ಪಡೆದು ತಮ್ಮ ದಾರಿ ತಾವು ನೋಡಿಕೊಳ್ಳಬಹುದು, ಇಲ್ಲವೇ ಇಲಾಖೆಯ ಮೂಲಕ ಪುನರ್ವಸತಿ ಕೇಳಬಹುದು. ಕುಣಬಿ, ಗೌಳಿ ಕುಟುಂಬವೊಂದು ಚೆಕ್ಕು ಹಿಡಿದು ಪಟ್ಟಣದ ಅಂಚಿಗೆ ಬಂದರೆ ದೇವರಬನ ಹಿಂದೆ ಉಳಿಯುತ್ತದೆ, ಗಡ್ಡೆಗೆಣಸಿನ ಜ್ಞಾನ ಹಿಂದೆ ಉಳಿಯುತ್ತದೆ, ಸುಗ್ಗಿಯಲ್ಲಿ ಒಟ್ಟಿಗೆ ಕುಣಿಯುತ್ತಿದ್ದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗಾಗುತ್ತಾರೆ.

ಹಾಗೆಂದು ಮುಂಡಗೋಡದವರ ಬದುಕು ಸುಗಮ ಎಂದುಕೊಳ್ಳಬೇಡಿ. ಉಳುವ ನೆಲ ಅವರದಲ್ಲ, ಗುತ್ತಿಗೆಯದು. ಟಿಬೆಟನ್ ಪುನರ್ವಸತಿ ನೀತಿ ಬಂದದ್ದು 2014ರಲ್ಲಿ, ಟಿಬೆಟನ್ನರು ಭಾರತಕ್ಕೆ ಬಂದು ಐವತ್ತೈದು ವರ್ಷವಾದ ಮೇಲೆ. ಇಪ್ಪತ್ತು ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ, ಪಡಿತರ, ಉದ್ಯೋಗ ಖಾತ್ರಿಯಂಥ ಯೋಜನೆಗಳನ್ನು ಇವರಿಗೂ ಕೊಡಿ ಎಂದು ಅದು ರಾಜ್ಯಗಳಿಗೆ ಹೇಳಿತು. ಇಲ್ಲಿ ಇರಲು ಬೇಕಾದ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶದ ನಂಟರು ಬಂದು ಕ್ಯಾಂಪಿನಲ್ಲಿ ತಂಗಬೇಕೆಂದರೆ ಗೃಹ ಸಚಿವಾಲಯದ ಪರವಾನಗಿ ಬೇಕು.

1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯಿದೆ. ಡ್ರೆಪುಂಗ್‌ನ ಲಿಂಗ್ ರಿಂಪೋಚೆ ಅವರ ಅರ್ಜಿಯ ಮೇಲೆ 2013ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಪಾಸ್‌ಪೋರ್ಟ್‌ಗೆ ಷರತ್ತು ಬಂತು: ನೋಂದಣಿ ಪತ್ರ ಹಿಂತಿರುಗಿಸಬೇಕು, ಕಾಲೊನಿಯಲ್ಲಿ ವಾಸವಿರಬಾರದು, ನಿರಾಶ್ರಿತರ ಸೌಲಭ್ಯ ಪಡೆಯಬಾರದು. ಹುಟ್ಟಿದ ಮನೆಯಲ್ಲಿ ಉಳಿಯಬೇಕೆಂದರೆ ನಿರಾಶ್ರಿತನಾಗಿರು, ನಾಗರಿಕನಾಗಬೇಕೆಂದರೆ ಮನೆ ಬಿಡು. ಇದು ಸರಿಯಲ್ಲ. ಪಾಸ್‌ಪೋರ್ಟ್ ಪಡೆದವರು ವೃದ್ಧ ತಂದೆತಾಯಿಯರ ಜೊತೆ ಕಾಲೊನಿಯಲ್ಲಿಯೇ ಬಾಳಲು ಬಿಡಬೇಕು.

ಯುವಕರು ಬೆಂಗಳೂರಿಗೆ, ದೆಹಲಿಗೆ, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಹೊಲಗಳನ್ನು ಸುತ್ತಲಿನ ಕನ್ನಡದ ರೈತರು ಲಾವಣಿಗೆ ಹಿಡಿದಿದ್ದಾರೆ. ಒಂದು ಕಾಲಕ್ಕೆ ಬಿತ್ತನೆ ಕಲಿಸಿದವರ ಮೊಮ್ಮಕ್ಕಳೇ ಈಗ ಆ ನೆಲವನ್ನು ಉಳುತ್ತಿರಬಹುದು. ಭತ್ತ ಕೊಯ್ಲಿಗೆ ಬಂದಾಗ ದಾಂಡೇಲಿ ಕಡೆಯ ಕಾಡಿನಿಂದ ಇಳಿಯುವ ಆನೆಗಳಿಗೆ ಯಾವ ಗದ್ದೆ ಯಾರದೆಂಬ ಭೇದವಿಲ್ಲ, ರಾತ್ರಿ ಕಾವಲಿಗೆ ಎಲ್ಲರೂ ಏಳಬೇಕು.

ಕೇಂದ್ರದ ಅನುದಾನ ಮತ್ತೆ ನಿಗದಿಯಾಗುವಾಗ ಮೊತ್ತದ ಜೊತೆಗೆ ಗುತ್ತಿಗೆ ಪತ್ರದ ಮಾತೂ ಇತ್ಯರ್ಥವಾಗಲಿ. ಮತ್ತು ಜೊಯಿಡಾದ ಕಾಡಿನಿಂದ ಇನ್ನೊಂದು ಊರನ್ನು ಎಬ್ಬಿಸುವ ಮೊದಲು ಅದಕ್ಕೆ ಸಹಿ ಹಾಕುವ ಅಧಿಕಾರಿಗಳು ಒಂದು ದಿನ ಮುಂಡಗೋಡದ ಕ್ಯಾಂಪುಗಳಲ್ಲಿ ಓಡಾಡಿ ಬರಲಿ. ಇರುವುದು ಇದೇ ಜಿಲ್ಲೆಯಲ್ಲಿ, ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು.