‘ಮೊದಲು ಡಿಪಾಸಿಟ್ ಕಟ್ಟಿ ಬನ್ನಿ’

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕಪ್ಪನಿಗೆ ಎದೆನೋವು ಜೋರಾಯಿತು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆಟೊದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಅವರನ್ನು ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದಂತೆ ಸಿಬ್ಬಂದಿಯೊಬ್ಬರು ನನ್ನತ್ತ ತಿರುಗಿ, ‘ಇನ್ಶೂರೆನ್ಸ್ ಇದೆಯಾ? ಇಲ್ಲಾಂದ್ರೆ ಮೊದಲು ಡಿಪಾಸಿಟ್ ಕಟ್ಟಿ ಬನ್ನಿ’ ಎಂದರು. ಸೈಕಲ್ ರಿಪೇರಿ ಮಾಡಿ ಬದುಕುವ ಮನುಷ್ಯನಿಗೆ ಎಲ್ಲಿಯ ಇನ್ಶೂರೆನ್ಸ್? ಚಿಕ್ಕಮ್ಮ ಒಂದು ಮಾತೂ ಆಡದೆ ಕೈಬಳೆ ಬಿಚ್ಚತೊಡಗಿದರು. ನಾನು ಕಂಡಕಂಡವರಿಗೆ ಫೋನ್ ಮಾಡಿ, ಮೂರು ಕಡೆ ಕೈಸಾಲ ಹೊಂದಿಸಿ ರಸೀದಿ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಚಿಕ್ಕಪ್ಪ ಉಳಿದರು. ಆದರೆ ಆ ಮುಕ್ಕಾಲು ಗಂಟೆ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ, ಹಾಗೆ ಕಾಯಿಸುವ ಅಧಿಕಾರವೇ ಅವರಿಗಿರಲಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಗಲಾಟೆ ನೆನಪಿದೆ, ಕಾಯ್ದೆಯಲ್ಲಿ ಏನಿದೆ ಎಂಬುದು ಮಾತ್ರ ಜನರಿಗೆ ತಲುಪಲಿಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯದೆ ಚಿಕಿತ್ಸೆ ಕೊಡಬೇಕು. ರೋಗಿ ತೀರಿಕೊಂಡರೆ ಬಿಲ್ ಬಾಕಿಯ ನೆಪದಲ್ಲಿ ಶವ ತಡೆಹಿಡಿಯುವಂತಿಲ್ಲ. ಇವೆರಡೂ ಅದರಲ್ಲಿವೆ.

ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ ಇನ್ನೂ ಮೊದಲೇ ಹೇಳಿತ್ತು. 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರೊಬ್ಬರು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೆ ಒಂದರಂತೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಸಾಗಹಾಕಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ತೆತ್ತರು. 1996ರ ತೀರ್ಪು ಅವರಿಗೆ 25 ಸಾವಿರ ಪರಿಹಾರ ಕೊಡಿಸಿತು. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗದು ಎಂದಿತು.

ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ ಯಶಸ್ವಿನಿಗೆ ಆಗ ತಿಂಗಳಿಗೆ ಐದೇ ರೂಪಾಯಿ ವಂತಿಗೆ. ಅಷ್ಟರಲ್ಲಿ ಆಪರೇಷನ್ ಆಗುತ್ತದೆಂದರೆ ನಂಬದವರೇ ಹೆಚ್ಚಿದ್ದರು. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿ, 2022ರ ಕೊನೆಗೆ ಮತ್ತೆ ನೋಂದಣಿ ಆರಂಭಿಸಿದರು. ನಡೆಯುತ್ತಿದ್ದುದನ್ನು ನಿಲ್ಲಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಈಗಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ.

ಪೆಟ್ಟು ಬೀಳುವುದು ಎಪಿಎಲ್ ಎನಿಸಿಕೊಂಡವರಿಗೆ. ಅವರ ಪಾಲಿಗೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಶಸ್ತ್ರಚಿಕಿತ್ಸೆಯಾದರೆ 70 ಸಾವಿರ ಕೈಯಿಂದ ಹೋಗಬೇಕು. ಆಟೊ ಓಡಿಸುವವರು, ಟ್ಯೂಷನ್ ಹೇಳುವವರು, ಬೀದಿ ತುದಿಯಲ್ಲಿ ಚಿಲ್ಲರೆ ಅಂಗಡಿ ಇಟ್ಟವರು ಎಷ್ಟೋ ಮಂದಿ ಈ ಪಟ್ಟಿಯಲ್ಲಿದ್ದಾರೆ. ಅವರು ಬಡವರ ಲೆಕ್ಕಕ್ಕೂ ಇಲ್ಲ, ವಿಮೆಯ ಕಂತು ಕಟ್ಟುವ ತಾಕತ್ತೂ ಇಲ್ಲ. ಒಂದು ಕಾಯಿಲೆ ಬಂದರೆ ಒಡವೆ ಅಡಮಾನಕ್ಕೆ ಹೋಗುತ್ತದೆ, ಬಡ್ಡಿ ಮನೆ ಹೊಗುತ್ತದೆ. ಈ ಶೇ 30ರ ಗೆರೆಯನ್ನು ತುರ್ತು ಚಿಕಿತ್ಸೆಗಾದರೂ ಅಳಿಸಬೇಕು.

ಈ ಯೋಜನೆಯ ಕಾರ್ಡ್ ಇದ್ದವರಿಗೂ ದಾರಿ ನೇರವಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲವೆಂದು ರೆಫರಲ್ ಬರೆಸಿಕೊಂಡ ಮೇಲಷ್ಟೇ ಖಾಸಗಿಗೆ ಹೋಗಬೇಕೆಂಬ ನಿಯಮವಿದೆ. ಆದರೆ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಆ ಪತ್ರ ಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಇದು ಗೊತ್ತಿಲ್ಲದೆ ನಡುರಾತ್ರಿ ಪತ್ರಕ್ಕಾಗಿ ಅಲೆಯುವವರಿದ್ದಾರೆ.

ಮೊದಲು ಹಣ ಕೇಳದೆ ಚಿಕಿತ್ಸೆ ಕೊಡಲು ಆಗುವುದೇ ಇಲ್ಲವೆಂದಲ್ಲ. ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಮೊದಲು ಚಿಕಿತ್ಸೆ, ಹಣ ಆಮೇಲೆ ಎಂಬ ಪದ್ಧತಿ ತಂದರು. ಅದು ಸರ್ಕಾರಿ ಸ್ವಾಮ್ಯದ ಸಂಸ್ಥೆ, ಮುಚ್ಚಿಹೋಗಲಿಲ್ಲ, ಬೆಳೆಯಿತು. 2016ರಲ್ಲಿ ನೆಲಮಂಗಲ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾಗಿದ್ದರೂ ತನ್ನ ಕಣ್ಣು ದಾನ ಮಾಡಿ ಎಂದ ಯುವಕ ಹರೀಶ್ ಹೆಸರಿನಲ್ಲಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುವ ಯೋಜನೆ ಬಂತು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆ ರಾತ್ರಿ ನಮಗೆ ಬೇಕಿದ್ದುದೂ ಇಂಥದ್ದೇ.

ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ, ಮುಂಗಡ ಕೇಳುವಂತಿಲ್ಲ ಎಂಬ ಫಲಕ ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರಬೇಕು. ದಾರಿ ತೋರುವ ಆರೋಗ್ಯ ಮಿತ್ರರು ಹಗಲಿನಷ್ಟೇ ರಾತ್ರಿಯೂ ಕೈಗೆ ಸಿಗಬೇಕು. ಯಾರಾದರೂ ಹಣಕ್ಕಾಗಿ ಕಾಯಿಸಿದರೆ ಹೆಸರು, ಹೊತ್ತು ಬರೆದಿಟ್ಟುಕೊಳ್ಳಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ಮತ್ತೆ, ಮನೆಯವರೆಲ್ಲ ಚೆನ್ನಾಗಿರುವಾಗಲೇ ಹೋಗಿ ಆರೋಗ್ಯ ಕಾರ್ಡ್ ಮಾಡಿಸಿಡಿ, ರೇಷನ್ ಕಾರ್ಡ್ ಎಪಿಎಲ್ ಆದರೂ ಸರಿಯೇ.